ಬೋಣಿಯ ಹೊತ್ತಿಗೆ ಬಂದ ಡ್ರ್ಯಾಗನ್

ಅಲ್ಲಿ ನಡೆದದ್ದು ಇಷ್ಟೇ. ಊರಬಾಗಿಲ ಹತ್ತಿರ ಡ್ರ್ಯಾಗನ್ ಬಂತು. ಎಲೆಕೋಸು ಮಾರುವ ಹೆಂಗಸು ತಾನಾಗಿಯೇ ಓಡಿಹೋಗಿ ಅದರ ಬಾಯಿಗೆ ಬೀಳುವುದರಲ್ಲಿದ್ದಳು. ನಾವು ಅವಳನ್ನು ಉಳಿಸಿದೆವು, ಡ್ರ್ಯಾಗನ್ನನ್ನು ಕೊಂದೆವು, ಆ ಉಪಕಾರಕ್ಕೆ ಊರಿನವರು ನಮ್ಮನ್ನು ಜೈಲಿಗೆ ಹಾಕಿದರು. ಡ್ರ್ಯಾಗನ್ ಬಂದದ್ದೂ ನನ್ನಿಂದ, ಜೈಲಾದದ್ದೂ ನನ್ನಿಂದ. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಇದೆಲ್ಲ ಆದದ್ದು ನನ್ನ ಮೊಮ್ಮಗಳ ಕಂಪ್ಯೂಟರಿನ ಆಟದೊಳಗೆ ಎನ್ನುವುದೊಂದನ್ನು ಬಿಟ್ಟರೆ ಮಿಕ್ಕದ್ದೆಲ್ಲ ಖಂಡಿತ ನಿಜ. ಆಟ ತಾನೇ ಎಂದು ಮೂಗು ಮುರಿಯುವವರು ಇಲ್ಲಿಗೇ ನಿಲ್ಲಿಸಿ ಬೇರೆ ಪುಟ ತಿರುವಿಕೊಳ್ಳಬಹುದು. ನನಗೇನೂ ಬೇಜಾರಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅದೂ ನಾಲ್ಕನೆಯದನ್ನು ಪೂರ್ತಿ ಓದಲಿಲ್ಲ. ತಿಪಟೂರಿನ ಕಡೆಯಿಂದ ಮದುವೆಯಾಗಿ ಈ ಊರಿಗೆ ಬಂದಾಗ ಇದಕ್ಕೆ ಮದರಾಸು ಎನ್ನುತ್ತಿದ್ದರು. ಊರಿನ ಹೆಸರು ಬದಲಾಯಿತು, ಬೆವರು ಬದಲಾಗಲಿಲ್ಲ. ಪ್ಯಾರೀಸ್ ಕಾರ್ನರಿನ ಒಂದು ಇಕ್ಕಟ್ಟು ಬೀದಿಯಲ್ಲಿ ನಮ್ಮದು ನಾರಿನ ಹಗ್ಗ, ಗೋಣಿಚೀಲ, ಟಾರ್ಪಾಲಿನ ಅಂಗಡಿ. ಮಾವನವರು ಇಟ್ಟದ್ದು, ಆಮೇಲೆ ನಮ್ಮ ಯಜಮಾನರು ನಡೆಸಿದರು, ಈಗ ಮಗ ನಡೆಸುತ್ತಾನೆ. ಮನೆ ಅಡ್ಯಾರಿನಲ್ಲಿ, ಎರಡನೇ ಮಹಡಿ. ಮನೆಯೊಳಗೆ ನಾನೊಬ್ಬಳೇ ಪೂರ್ತಿ ಕನ್ನಡ. ಮಗ ಅರ್ಧ ಕನ್ನಡ, ಸೊಸೆ ಸುಮಾ ಇನ್ಶೂರೆನ್ಸ್ ಕಚೇರಿಯಲ್ಲಿದ್ದಾಳೆ, ಅವಳದು ಆಫೀಸಿನ ಭಾಷೆ. ಮೊಮ್ಮಗಳು ಪಲ್ಲವಿ ಕಾಲೇಜಿಗೆ ಹೋಗುತ್ತಾಳೆ. ಕನ್ನಡದಲ್ಲಿ ಕೇಳಿಸಿಕೊಂಡು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಸಿಟ್ಟು ಬಂದರೆ ಇಂಗ್ಲಿಷ್. ನನ್ನಿಂದ ಏನಾದರೂ ಬೇಕಾದಾಗ ಮಾತ್ರ 'ಅಜ್ಜೀ' ಎಂದು ಒಳ್ಳೇ ಕನ್ನಡ ಬರುತ್ತದೆ. ಬೇಡವಾದಾಗ ನಾನು 'ಪಾಟಿ'.

ನಾನು ಆಟದ ಕೋಣೆಗೆ ಕಾಲಿಟ್ಟದ್ದು ಆಟದ ಆಸೆಯಿಂದಲ್ಲ, ಏ.ಸಿ.ಯ ಆಸೆಯಿಂದ. ಅಗ್ನಿ ನಕ್ಷತ್ರದ ಬಿಸಿಲು ಶುರುವಾಯಿತೆಂದರೆ ನಮ್ಮ ಹಾಲಿನ ಫ್ಯಾನು ಬಿಸಿಗಾಳಿಯನ್ನೇ ತಿರುವಿ ತಿರುವಿ ಬಡಿಸುತ್ತದೆ. ಹಗಲು ಹೊತ್ತಿನಲ್ಲಿ ಏ.ಸಿ. ಹಾಕಬಾರದು, ಕರೆಂಟು ಬಿಲ್ಲು ಬರುತ್ತದೆ ಎಂದು ಮಗ ಕಾನೂನು ಮಾಡಿದ್ದಾನೆ. ಆದರೆ ಪಲ್ಲವಿಯ ಕೋಣೆಯಲ್ಲಿ ಮಧ್ಯಾಹ್ನವೆಲ್ಲ ಏ.ಸಿ. ಓಡುತ್ತದೆ. ಯಾಕೆಂದು ಕೇಳಿದೆ. ಆ ಯಂತ್ರ ಬಿಸಿಯಾಗಬಾರದಂತೆ. ಎಪ್ಪತ್ತು ದಾಟಿದ ನಾನು ಬಿಸಿಯಾದರೆ ಪರವಾಗಿಲ್ಲ, ಯಂತ್ರ ಬಿಸಿಯಾಗಬಾರದು! ಸರಿ ಎಂದು ನನ್ನ ಕುರ್ಚಿಯನ್ನು ಎಳೆದುಕೊಂಡು ಹೋಗಿ ಯಂತ್ರದ ಪಕ್ಕಕ್ಕೇ ಹಾಕಿಕೊಂಡೆ. ತಣ್ಣಗೆ ಕೂತವರಿಗೆ ಎದುರಿಗೇನಿದೆಯೋ ಅದನ್ನು ನೋಡದೆ ಬೇರೆ ದಾರಿಯಿಲ್ಲ.

ಎದುರಿಗಿದ್ದದ್ದು ಒಂದು ದೊಡ್ಡ ದೇಶ. ಬೆಟ್ಟ, ನದಿ, ಹಿಮ, ಕೋಟೆ ಕಟ್ಟಿದ ಊರುಗಳು. ಇಂಥ ಕಡೆಗೇ ಹೋಗಬೇಕು ಎಂದಿಲ್ಲ, ಮನಸ್ಸು ಬಂದ ಕಡೆ ಹೋಗಬಹುದು. ಪಲ್ಲವಿ ಆಡಿಸುವುದು ಒಬ್ಬ ಹುಡುಗಿಯನ್ನು. ಭುಜ ನೋಡಿದರೆ ನಮ್ಮ ಅಂಗಡಿಗೆ ಮೂಟೆ ಹೊರಲು ಬರುವವರನ್ನು ಮೀರಿಸುತ್ತಾಳೆ. ಬೆನ್ನಿಗೆ ಕತ್ತಿ, ಹೆಗಲಿಗೆ ಚೀಲ, ಹಣೆ ಮಾತ್ರ ಬೋಳು. "ಹಣೆಗೆ ಏನಾದ್ರೂ ಇಡೇ" ಎಂದೆ. ಪಲ್ಲವಿ ಹುಡುಕಿ ಹುಡುಕಿ ಮೂರು ಬಿಳೀ ಗೆರೆ ಬಳಿದಳು. ಅಡ್ಡ ಇರಲಿಲ್ಲ, ಸ್ವಲ್ಪ ಓರೆಯಾಗಿದ್ದವು. ಇರಲಿ, ವಿಭೂತಿ ಅಂದುಕೊಂಡೆ. ಅವತ್ತಿನಿಂದ ಅವಳು ನಮ್ಮ ಹುಡುಗಿಯಾದಳು.

ನಮ್ಮ ಹುಡುಗಿ ಕಾಡುಮೇಡು ಅಲೆದು ಬಂದು ಸೇರುವ ಊರಿಗೆ ದೊಡ್ಡ ಮರದ ಬಾಗಿಲು. ಬಾಗಿಲು ದಾಟಿದ ಕೂಡಲೇ ಸಂತೆ. ಒಬ್ಬ ರೊಟ್ಟಿ ಮಾರುತ್ತಾನೆ, ಒಬ್ಬ ಚರ್ಮ ಮಾರುತ್ತಾನೆ, ಮೂಲೆಯಲ್ಲಿ ಒಬ್ಬ ಹೆಂಗಸು ತರಕಾರಿ ಇಟ್ಟುಕೊಂಡಿರುತ್ತಾಳೆ. ಅವಳ ಹೆಸರು ಪಲ್ಲವಿ ಹೇಳಿದಳು, ನನ್ನ ನಾಲಿಗೆ ಹೊರಳಲಿಲ್ಲ. ನಾನು ಮಾದೇವಿ ಎಂದು ಹೆಸರಿಟ್ಟೆ. ಮಾದೇವಿ ಬೆಳಗಿನ ಬಿಸಿಲು ಬಿದ್ದ ಕೂಡಲೇ ಬಂದು ನಿಲ್ಲುತ್ತಾಳೆ, ಸಂಜೆಯಾದರೆ ಮನೆಗೆ ಹೋಗುತ್ತಾಳೆ. ನಾವು ಹತ್ತಿರ ಹೋದಾಗಲೆಲ್ಲ ಒಂದೇ ಮಾತು: "ಈ ಸಲ ಎಲೆಕೋಸು ಚೆನ್ನಾಗಿ ಬಂದಿದೆ." ಇಂಗ್ಲಿಷಿನಲ್ಲಿ ಹೇಳುತ್ತಾಳೆ, ಪಲ್ಲವಿ ನನಗೆ ಅರ್ಥ ಹೇಳುತ್ತಾಳೆ. ಹಿಮ ಬೀಳುತ್ತಿದ್ದರೂ ಅದೇ, ಪಕ್ಕದ ಬೀದಿಯಲ್ಲಿ ಹೆಣ ಬಿದ್ದಿದ್ದರೂ ಅದೇ. ವ್ಯಾಪಾರ ಅಂದರೆ ಹಾಗಿರಬೇಕು. ನನಗೆ ಅವಳು ತುಂಬಾ ಹಿಡಿಸಿದಳು.

ನಮ್ಮ ಮನೆಯ ಕೆಳಗೂ ಒಬ್ಬ ತರಕಾರಿಯವಳು ಬರುತ್ತಾಳೆ, ಸೆಲ್ವಿ. ಕತ್ತಲಿರುವಾಗಲೇ ಕೋಯಂಬೇಡಿನ ದೊಡ್ಡ ಮಾರ್ಕೆಟ್ಟಿಗೆ ಹೋಗಿ ಸರಕು ಹಾಕಿಕೊಂಡು ಬಂದು, ತಳ್ಳುಗಾಡಿಯನ್ನು ನಮ್ಮ ಗೇಟಿನ ಬೇವಿನ ಮರದ ಕೆಳಗೆ ನಿಲ್ಲಿಸುತ್ತಾಳೆ. ಅವಳಿಗೂ ಮಾದೇವಿಗೂ ಹೋಲಿಕೆಯೇ ಇಲ್ಲ. ಸೆಲ್ವಿಯ ಬುಟ್ಟಿಯಲ್ಲಿ ಒಂದಾದರೂ ಹುಳುಕು ಬದನೆಕಾಯಿ ಇಲ್ಲದ ದಿನವಿಲ್ಲ. ನಾನು ಮಾರನೇ ದಿನ ತಪ್ಪದೆ ಹಿಂದಕ್ಕೆ ಕೊಡುತ್ತೇನೆ. ಹತ್ತು ಜನ ಗಿರಾಕಿಗಳ ಮುಂದೆ ಕೊಟ್ಟು ಅವಳ ಮಾನ ಕಳೆಯಬಾರದಲ್ಲ, ಅದಕ್ಕೇ ಅವಳು ಗಾಡಿ ನಿಲ್ಲಿಸಿದ ಕೂಡಲೇ, ಇನ್ನೊಬ್ಬರು ಬರುವ ಮೊದಲೇ ಇಳಿದುಹೋಗಿ ಕೊಟ್ಟು ದುಡ್ಡು ಇಸಕೊಳ್ಳುತ್ತೇನೆ. ಅಷ್ಟು ಮರ್ಯಾದೆ ಕೊಟ್ಟರೂ ಮುಖ ಸಿಂಡರಿಸುತ್ತಾಳೆ. ಇರಲಿ, ಈಗ ಮಾತು ಅವಳದಲ್ಲ.

ಒಂದು ದಿನ ನೋಡುತ್ತೇನೆ, ನಮ್ಮ ಹುಡುಗಿ ಬೆಳಗಾಗುತ್ತಲೇ ಊರಿಗೆ ನುಗ್ಗಿ, ಆಗತಾನೆ ಬಂದು ನಿಂತಿದ್ದ ಮಾದೇವಿಯ ಮುಂದೆ ಚೀಲ ಬಿಚ್ಚಿದಳು. ಕಾಡಿನಲ್ಲಿ ಆಯ್ದ ಅಣಬೆ, ಯಾರದೋ ಮನೆಯಿಂದ ಎತ್ತಿಕೊಂಡು ಬಂದ ಸೇಬು, ಎಲ್ಲವನ್ನೂ ಅವಳಿಗೇ ಮಾರಿ ದುಡ್ಡು ಇಸಕೊಂಡಳು. 

"ಪಲ್ಲವಿ! ಏನೇ ಮಾಡ್ದೆ? ಬೋಣಿ ಆಗಿದ್ಯೇನೇ ಅವಳ್ಗೆ?"

"ಎನ್ನ ಬೋಣಿ? ಅವ ಗೇಮ್ ಕ್ಯಾರೆಕ್ಟರ್ ಪಾಟಿ." ಎಂಥ ಬೋಣಿ, ಅವಳು ಬರೀ ಆಟದ ಬೊಂಬೆ ಅಂತ.

"ಗೇಮೋ ಗೀಮೋ, ಅಂಗಡಿ ಅಂಗಡೀನೇ. ಬಾಗ್ಲು ತೆಗ್ದಿರೋರ ಹತ್ರ ಮೊದ್ಲು ಕೊಂಡ್ಕೊಬೇಕು. ಬೋಣಿಗೆ ಮುಂಚೆ ಅವ್ರ ಗಲ್ಲಾದಿಂದ ದುಡ್ಡು ಹೊರಡಿಸಿದ್ರೆ ಆ ದಿನವೆಲ್ಲಾ ಹೊರಗೇ ಹೋಗುತ್ತೆ. ಅಂಗಡಿ ಮನೇಲಿ ಹುಟ್ಟಿ ಇಷ್ಟೂ ಗೊತ್ತಿಲ್ವಾ ನಿಂಗೆ?"

ಅವಳಿಗೆ ಗೊತ್ತಿಲ್ಲ. ಗೊತ್ತಿರುವುದಾದರೂ ಹೇಗೆ? ಅವಳು ಹುಟ್ಟುವ ಹೊತ್ತಿಗೆ ಮಾವನವರಿರಲಿಲ್ಲ. ಮಾವನವರ ಬೋಣಿಯೆಂದರೆ ಶಿವಪೂಜೆಗೆ ಸಮ. ಮೊದಲ ಗಿರಾಕಿ ಬಂದು, ಆ ದುಡ್ಡನ್ನು ಕಣ್ಣಿಗೊತ್ತಿಕೊಳ್ಳುವವರೆಗೆ ಅಂಗಡಿಯಿಂದ ಚಿಕ್ಕಾಸೂ ಹೊರಡುವಂತಿಲ್ಲ. ಟೀ ತಂದವನು ಗ್ಲಾಸು ಹಿಡಿದುಕೊಂಡು ನಿಂತಿರಬೇಕು. ಒಂದು ಮಳೆಗಾಲ, ಪ್ಯಾರೀಸ್ ಕಾರ್ನರೆಲ್ಲ ಮೊಣಕಾಲುದ್ದ ನೀರು, ಮಧ್ಯಾಹ್ನವಾದರೂ ಒಂದು ಗಿರಾಕಿ ಇಲ್ಲ. ಮಾವನವರು ಬೆಳಗಿನಿಂದ ಟೀ ಕುಡಿದಿಲ್ಲ. ಕಡೆಗೆ ನಮ್ಮ ಗುಮಾಸ್ತನನ್ನೇ ಹಿಂದಿನ ಬಾಗಿಲಿನಿಂದ ಕಳಿಸಿದರು. ಅವನು ಓಣಿ ಸುತ್ತಿ, ನೀರು ತುಳಿದುಕೊಂಡು, ಮುಂದಿನ ಬಾಗಿಲಿಗೆ ಬಂದು, "ಒಂದು ಮೊಳ ಹಗ್ಗ ಕೊಡಿ ಸ್ವಾಮಿ" ಎಂದ. ಮಾವನವರು ಯಾರೋ ಹೊಸಬರನ್ನು ನೋಡಿದ ಹಾಗೆ "ಬನ್ನಿ, ಬನ್ನಿ, ಕೂತ್ಕೊಳ್ಳಿ" ಎಂದು ಉಪಚಾರ ಮಾಡಿದರು. ಅವನೂ ಬಿಡಲಿಲ್ಲ, ರೇಟು ಜಾಸ್ತಿಯಾಯಿತು ಎಂದು ಚೌಕಾಸಿ ಮಾಡಿದ! ಅಂಥ ಮನೆ ನಮ್ಮದು.

ನಾನು ಇದನ್ನೆಲ್ಲ ಹೇಳಿ ಹಟ ಹಿಡಿದೆ. ಪಲ್ಲವಿ ತಲೆ ಚಚ್ಚಿಕೊಂಡರೂ ಒಪ್ಪಿಕೊಂಡಳು, ಯಾಕೆಂದರೆ ಒಪ್ಪದಿದ್ದರೆ ನಾನು ಬಾಯಿ ಮುಚ್ಚುವುದಿಲ್ಲ. ಅವತ್ತಿನಿಂದ ಆ ದೇಶದಲ್ಲಿ ಬೆಳಗಾದರೆ ನಮ್ಮ ಹುಡುಗಿ ಎಲ್ಲಿದ್ದರೂ, ಯಾವ ಗುಹೆಯಲ್ಲಿದ್ದರೂ, ಊರಿಗೆ ಬಂದು ಮಾದೇವಿಯ ಹತ್ತಿರ ಎಲೆಕೋಸು ಕೊಳ್ಳಬೇಕು. ಆಮೇಲೆ ಬೇಕಾದರೆ ಯಾರ ತಲೆಯಾದರೂ ಕಡಿಯಲಿ.

ಹೀಗೆ ಸುಖವಾಗಿ ನಡೆಯುತ್ತಿತ್ತು, ದಿನಾ ನನ್ನ ಪಕ್ಕ ಕೂತು ಕೂತು ಪಲ್ಲವಿಯ ಬಾಯಿಗೂ ಅರ್ಧಂಬರ್ಧ ಕನ್ನಡ ಹತ್ತುತ್ತಿತ್ತು. ಒಂದು ಬೆಳಗಿನ ಬೋಣಿಗೆ ನಾವು ಬಾಗಿಲು ದಾಟುತ್ತಿದ್ದ ಹಾಗೆಯೇ ಆಕಾಶದಲ್ಲಿ ಏನೋ ಕೂಗಿತು. ಪಲ್ಲವಿಯ ಬೆನ್ನು ನೆಟ್ಟಗಾಯಿತು. "ಡ್ರ್ಯಾಗನ್!" ಎಂದಳು. ನಾನು ಕನ್ನಡಕ ಸರಿಮಾಡಿಕೊಂಡು ನೋಡಿದೆ. ನಮ್ಮ ಟ್ಯೂಬ್‌ಲೈಟಿನ ಹಿಂದೆ ಇರುವ ಹಲ್ಲಿಗೆ ರೆಕ್ಕೆ ಬಂದು, ಗಾತ್ರ ಒಂದು ಬಸ್ಸಿನಷ್ಟಾದರೆ ಹೇಗೋ ಹಾಗಿತ್ತು. ಮಾಳಿಗೆಯ ಮೇಲೆ ಕೂತು, ಕತ್ತು ಹಿಂದಕ್ಕೆ ಎಳೆದು, ಸಂತೆಯ ನಡುವೆ ಬೆಂಕಿ ಉಗುಳಿತು. ಸುಳ್ಳೇಕೆ ಹೇಳಲಿ, ಏ.ಸಿ. ಕೋಣೆಯಲ್ಲಿ ನನಗೆ ಬೆವರು ಬಂತು. ಎಷ್ಟೋ ವರ್ಷಗಳ ಮೇಲೆ ನನ್ನ ಎದೆ ಅಷ್ಟು ಜೋರಾಗಿ ಹೊಡೆದುಕೊಂಡದ್ದು, ಅದೂ ಕಾಯಿಲೆಯಿಂದಲ್ಲ!

ಆದರೆ ನನಗೆ ಆಶ್ಚರ್ಯವಾದದ್ದು ಡ್ರ್ಯಾಗನ್ ನೋಡಿ ಅಲ್ಲ, ಅಂಗಡಿಯವರನ್ನು ನೋಡಿ. ಪ್ಯಾರೀಸ್ ಕಾರ್ನರಿನಲ್ಲಿ ಗಲಾಟೆ ಅಂದರೆ ಎಲ್ಲಕ್ಕಿಂತ ಮೊದಲು ಕೇಳುವುದು ಶಟರ್ ಇಳಿಸುವ ಸದ್ದು. ಏನಾಯಿತೆಂದು ಆಮೇಲೆ ಕೇಳುತ್ತೇವೆ. ಇವರು ಹಾಗಲ್ಲ. ರೊಟ್ಟಿ ಮಾರುವವನು ಸೊಂಟದಿಂದ ಒಂದು ಚಾಕು ತೆಗೆದು, ಆ ಬಸ್ಸಿನಷ್ಟು ದೊಡ್ಡ ಪ್ರಾಣಿಯ ಮೇಲೆ ಏರಿಹೋದ. ರೊಟ್ಟಿ ಕೊಯ್ಯುವ ಚಾಕು! ಒಂದು ಉಸಿರಿಗೆ ಸುಟ್ಟು ಕರಕಲಾದ. ಮಾದೇವಿಯೂ ಚಾಕು ಹಿಡಿದು ಓಡಿದಳು. ಅವಳ ಅದೃಷ್ಟಕ್ಕೆ ಅಷ್ಟರಲ್ಲಿ ನಮ್ಮ ಹುಡುಗಿಯ ಬಾಣ ತಗುಲಿ ಡ್ರ್ಯಾಗನ್ ಹಾರಿಹೋಯಿತು.

ಮಾರನೇ ಬೆಳಿಗ್ಗೆ ಬೋಣಿಗೆ ಹೋದರೆ ರೊಟ್ಟಿಯ ಅಂಗಡಿಯಲ್ಲಿ ರೊಟ್ಟಿಗಳು ಜೋಡಿಸಿದ ಹಾಗೇ ಇದ್ದವು, ಮಾರುವವನಿರಲಿಲ್ಲ.

"ಇವತ್ತು ರಜಾನಾ ಅವ್ನಿಗೆ?" ಎಂದೆ.

"ಇಲ್ಲ ಅಜ್ಜಿ, ಅವನು ಸತ್ತೋದ. ಗಾರ್ಡ್ಸ್ ಸತ್ರೆ ಬೇರೆಯವ್ರು ಬರ್ತಾರೆ. ಅಂಗಡಿಯವ್ರು ಸತ್ರೆ ಅಷ್ಟೇ, ಬರಲ್ಲ."

"ಎಲ್ಲಾ ಕಡೇನೂ ಹಾಗೇ," ಎಂದೆ. ಆಟವನ್ನು ಹಿಂದಕ್ಕೆ ತಿರುಗಿಸಿ ಅವನನ್ನು ಎಬ್ಬಿಸಿಕೊಂಡು ಬರುವ ಉಪಾಯ ಆಟದಲ್ಲಿ ಇದೆಯಂತೆ. ಆದರೆ ಪಲ್ಲವಿ ತನ್ನ ಕಾಲೇಜಿನ ಗೆಳತಿಯರ ಜೊತೆ ಪಂಥ ಕಟ್ಟಿದ್ದಾಳೆ, ಯಾರೂ ಹಿಂದಕ್ಕೆ ಹೋಗುವಂತಿಲ್ಲ, ಆದದ್ದು ಆಯಿತು. ಸರಿಯಾದ ಪಂಥ. ನಾನೂ ಹಾಗೇ ಬದುಕಿದ್ದು. ಆದರೆ ಆ ಕ್ಷಣದಿಂದ ನನಗೆ ಒಂದೇ ಚಿಂತೆ. ಡ್ರ್ಯಾಗನ್ ಮತ್ತೆ ಬಂದರೆ ಮಾದೇವಿ ಮತ್ತೆ ಚಾಕು ಹಿಡಿದು ಓಡುತ್ತಾಳೆ. ಓಡಿದರೆ ಮಾರನೇ ಬೆಳಿಗ್ಗೆ ಎಲೆಕೋಸು ಜೋಡಿಸಿದ ಹಾಗೇ ಇರುತ್ತದೆ.

"ಅದು ಯಾವಾಗ ಬರುತ್ತೆ, ಯಾಕೆ ಬರುತ್ತೆ, ಹೇಳು ನಂಗೆ" ಎಂದು ಕೇಳಿದೆ. ಪಲ್ಲವಿ ಫೋನಿನಲ್ಲಿ ಏನೇನೋ ಓದಿ, ಹಣೆ ಚಚ್ಚಿಕೊಂಡು ನಗುವುದಕ್ಕೆ ಶುರುಮಾಡಿದಳು.

"ಅಜ್ಜೀ, ಅದಕ್ಕೆ ಟೈಮ್ ಇಲ್ಲ. ನಾವು ಹೊರಗಿಂದ ಊರ ಹತ್ರ ಬಂದಾಗೆಲ್ಲ ಗೇಮ್ ಒಳಗೇ ಒಂದು ದಾಳ ಹಾಕುತ್ತೆ. ಬಿದ್ರೆ ಡ್ರ್ಯಾಗನ್, ಬೀಳ್ಲಿಲ್ಲಾಂದ್ರೆ ಇಲ್ಲ. ನನ್ ಫ್ರೆಂಡ್ಸೆಲ್ಲ ಯಾವಾಗ್ಲೋ ಒಂದ್ಸಲ ಊರಿಗೆ ಹೋಗ್ತಾರೆ. ನಾವು ದಿನಾ ಹೋಗ್ತಿದೀವಿ. ದಿನಾ ದಾಳ! ನಿನ್ ಬೋಣೀನೇ ಅದನ್ನ ಕರೀತಿರೋದು."

ನಾನು ಕುರ್ಚಿ ಎಳೆದುಕೊಂಡು ಹಾಲಿಗೆ ಹೋದೆ. ಎರಡು ದಿನ ಬಿಸಿ ಫ್ಯಾನಿನ ಕೆಳಗೆ ಕೂತು ಬೆಂದೆ. ಒಳ್ಳೆಯದಾಗಲಿ ಎಂದು ಮಾಡಿದ್ದು ಹೀಗೆ ತಿರುಗಿ ಬಡಿದರೆ ಕೆಲವರು ಅಳುತ್ತಾರೆ. ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಯಾರ ಮೇಲೆ ತೋರಿಸುವುದು? ಸೊಸೆ ಸಿಕ್ಕಿದಳು, ಹುಳಿಗೆ ಉಪ್ಪು ಕಡಿಮೆ ಎಂದೆ. ಉಪ್ಪು ಸರಿಯಾಗಿಯೇ ಇತ್ತು. ಊರಿಗೆ ಹೋಗುವುದನ್ನೇ ಬಿಟ್ಟುಬಿಟ್ಟರೆ ಡ್ರ್ಯಾಗನ್ ಬರುವುದಿಲ್ಲ, ಮಾದೇವಿ ಬದುಕಿರುತ್ತಾಳೆ, ನಿಜ. ಆದರೆ ಬೆಳಿಗ್ಗೆ ಬಂದು ನಿಂತು, ಈ ಸಲ ಎಲೆಕೋಸು ಚೆನ್ನಾಗಿ ಬಂದಿದೆ ಎಂದು ಹೇಳಲು ಒಬ್ಬ ಗಿರಾಕಿಯೂ ಇಲ್ಲದೆ ಸಂಜೆ ಮನೆಗೆ ಹೋಗುವುದು ಏನು ಬದುಕು? ಗಿರಾಕಿಯಿಲ್ಲದ ಮಳೆಯ ದಿನ ಮಾವನವರ ಮುಖ ನಾನು ನೋಡಿದ್ದೇನೆ. ಡ್ರ್ಯಾಗನ್ ವಾಸಿ.

ಮೂರನೆಯ ದಿನ ಮಧ್ಯಾಹ್ನ ಕುರ್ಚಿ ಎಳೆದುಕೊಂಡು ಹೋಗಿ ಹಳೇ ಜಾಗದಲ್ಲಿ ಹಾಕಿದೆ. "ನಡಿ, ಬೋಣಿಗೆ ಹೋಗೋಣ. ಆದ್ರೆ ಹಲ್ಲಿ ಬಂದ್ರೆ ಮಾದೇವೀನ ಒಳಕ್ಕೆ ಓಡ್ಸೋದು ಹೇಗೆ, ಅದನ್ನ ಮೊದ್ಲು ಹೇಳು."

"ಅವಳ್ ಚಾಕು ಕದ್ದುಬಿಡ್ಲಾ?"

"ಕದಿ."

"ಆದ್ರೆ ಚಾಕು ಇಲ್ಲಾಂದ್ರೆ ಕೈಯಲ್ಲೇ ಗುದ್ದಕ್ಕೆ ಹೋಗ್ತಾಳೆ ಅಜ್ಜಿ."

ಗುದ್ದುತ್ತಾಳಂತೆ! ಎಂಥ ಹೆಂಗಸು! "ಬೈದು ಓಡಿಸಕ್ಕಾಗಲ್ವಾ?" ಎಂದೆ. ಪಲ್ಲವಿ ಯೋಚನೆ ಮಾಡಿದಳು. ಬೈಯುವುದಿಲ್ಲವಂತೆ, ಆದರೆ ಹೆದರಿಸುವ ಮಂತ್ರ ಒಂದಿದೆಯಂತೆ. ಯಾರ ಮೇಲೆ ಹಾಕಿದರೂ ಅವರು ದಿಕ್ಕಾಪಾಲಾಗಿ ಓಡಿ ಮನೆ ಸೇರಿಕೊಳ್ಳುತ್ತಾರೆ. ಆದರೆ ಊರಿನವರ ಮೇಲೆ ಹಾಕಿದರೆ ಅಪರಾಧ, ಕಾವಲುಗಾರರು ಹಿಡಿಯುತ್ತಾರೆ. "ಬೇಡ ಅಜ್ಜಿ, ರಿಸ್ಕ್," ಎಂದಳು. ಯಾವ ಗುಂಡಿ ಎಂದು ಸುಮ್ಮನೆ ಕೇಳಿಟ್ಟುಕೊಂಡೆ. ಬಲಗಡೆ, ಮೇಲಿನದು.

ಅವತ್ತು ಶನಿವಾರ. ಪಕ್ಕದ ಕೋಣೆಯಲ್ಲಿ ಸೊಸೆ ಕಂಪ್ಯೂಟರ್ ಮುಂದೆ ಆಫೀಸಿನ ಮೀಟಿಂಗಿನಲ್ಲಿದ್ದಳು. ನಮ್ಮ ಹುಡುಗಿ ಬಾಗಿಲು ದಾಟಿದಳು, ಮಾದೇವಿಯ ಹತ್ತಿರ ಹೋದಳು, ಎಲೆಕೋಸು ಕೊಂಡಳು. ಬೋಣಿ ಆಯಿತು ಎಂದು ನಾನು ಉಸಿರು ಬಿಡುವುದಕ್ಕೂ ಮೇಲೆ ಆ ಕೂಗು ಕೇಳುವುದಕ್ಕೂ ಸರಿಹೋಯಿತು. ದಾಳ ಬಿದ್ದಿತ್ತು! ಈ ಸಲ ಅದು ಮಾಳಿಗೆಯ ಮೇಲೆ ಕೂರಲಿಲ್ಲ, ನೇರವಾಗಿ ಸಂತೆಯ ನಡುವೆಯೇ ಇಳಿಯಿತು. ನೆಲ ಅದುರಿತು, ಎಲೆಕೋಸುಗಳು ಉರುಳಿದವು. ಪಲ್ಲವಿ ಓಡುವುದಕ್ಕೆ ಗುಂಡಿ ಒತ್ತಿದರೆ ನಮ್ಮ ಹುಡುಗಿ ಓಡುತ್ತಿಲ್ಲ. ತುಂಬಿದ ಬಸುರಿಯ ಹಾಗೆ ಒಂದೊಂದೇ ಹೆಜ್ಜೆ ಇಡುತ್ತಿದ್ದಾಳೆ.

"ಏನಾಯ್ತೇ ಅವಳ್ಗೆ? ಕಾಲು ಉಳುಕ್ತಾ?"

"ಐಯೋ ಪಾಟೀ! ಬ್ಯಾಗ್ ಫುಲ್ಲು! ದಿನಾ ಎಲೆಕೋಸು ತೊಗೊಂಡು ತೊಗೊಂಡು ಭಾರ ಜಾಸ್ತಿಯಾಗಿ ಓಡಕ್ಕೆ ಆಗ್ತಿಲ್ಲ!"

ಅಷ್ಟೂ ದಿನದ ಬೋಣಿ ಅವಳ ಹೆಗಲ ಮೇಲಿತ್ತು. ಯಾರಿಗಾದರೂ ಕೊಟ್ಟಿರುತ್ತಾಳೆ, ಸಾರು ಮಾಡಿರುತ್ತಾಳೆ ಅಂದುಕೊಂಡಿದ್ದೆ. ಪಲ್ಲವಿ ಅಡುಗೆಮನೆಯ ಕಡೆ ತಲೆ ಹಾಕದವಳು, ಅವಳು ಆಡಿಸುವ ಹುಡುಗಿ ಬೇರೆ ಹೇಗಿರುತ್ತಾಳೆ! ಅಷ್ಟರಲ್ಲಿ ಬೆಂಕಿ ಬಿತ್ತು. ನಮ್ಮ ಹುಡುಗಿಯ ಜೀವ ತೋರಿಸುವ ಕೆಂಪು ಪಟ್ಟಿ ಸರ್ರನೆ ಇಳಿದು ತುದಿಗೆ ಬಂತು. "ತಿನ್ನೇ!" ಎಂದು ಕಿರುಚಿದೆ. "ಎಲೆಕೋಸು ತಿನ್ನೇ! ಭಾರಾನೂ ಇಳಿಯುತ್ತೆ!" ಆ ಆಟದಲ್ಲಿ ತಿಂದರೆ ಜೀವ ಬರುತ್ತದೆ, ಅದನ್ನು ನಾನು ನೋಡಿಟ್ಟುಕೊಂಡಿದ್ದೆ. ಪಲ್ಲವಿ ಚೀಲ ತೆರೆದಳು. ಚೀಲ ತೆರೆದರೆ ಲೋಕವೆಲ್ಲ ನಿಂತುಬಿಡುತ್ತದೆ, ಆಟದವರು ಅಷ್ಟರ ಮಟ್ಟಿಗೆ ಒಳ್ಳೆಯವರು. ಡ್ರ್ಯಾಗನ್ ಬಾಯಿ ತೆರೆದುಕೊಂಡೇ ನಿಂತಿದೆ, ಬೆಂಕಿ ಅರ್ಧ ದಾರಿಯಲ್ಲಿ ನಿಂತಿದೆ, ನಮ್ಮ ಹುಡುಗಿ ನಿಂತಲ್ಲೇ ಒಂದಾದ ಮೇಲೊಂದು ಹಸೀ ಎಲೆಕೋಸು ತಿನ್ನುತ್ತಿದ್ದಾಳೆ! ಕರಕ್, ಕರಕ್ ಎಂದು ಸದ್ದು. ಕೆಂಪು ಪಟ್ಟಿ ಏರಿತು, ಭಾರ ಇಳಿಯಿತು, ಲೋಕ ಮತ್ತೆ ಓಡಿತು, ಹುಡುಗಿ ಬಾಣದ ಹಾಗೆ ಹಾರಿದಳು. ಹೊಟ್ಟೆಯ ಗತಿ ಏನಾಯಿತೋ ಕೇಳಬೇಡಿ.

ಆಗ ನೋಡಿದೆ, ಮಾದೇವಿ ಚಾಕು ಎತ್ತಿದ್ದಳು.

ಗಾಬರಿಯಾದರೆ ನನ್ನ ಬಾಯಿಗೆ ತಮಿಳು ಬರುತ್ತದೆ. ಇಷ್ಟು ವರ್ಷ ಈ ಊರಿನಲ್ಲಿ ಬೀದಿಯವರಿಗೆ ಕೂಗಿ ಹೇಳಬೇಕಾದದ್ದನ್ನೆಲ್ಲ ತಮಿಳಿನಲ್ಲೇ ಕೂಗಿದ್ದೇನೆ. ಎದ್ದು ನಿಂತು, "ನೆರುಪ್ಪು! ನೆರುಪ್ಪು! ಉಳ್ಳೇ ಓಡುಡೀ!" ಎಂದು ಅರಚಿದೆ. ಬೆಂಕಿ, ಒಳಗೆ ಓಡೇ ಅಂತ. ಅವಳು ಓಡಿದ್ದು ಒಳಗಲ್ಲ, ಡ್ರ್ಯಾಗನ್ ಕಡೆಗೆ. ಅದು ಕತ್ತು ಹಿಂದಕ್ಕೆ ಎಳೆಯಿತು. ಉಗುಳುವ ಮೊದಲು ಅದು ಹಾಗೆಯೇ ಎಳೆಯುತ್ತದೆ. "ಪಲ್ಲವಿ, ಮಂತ್ರ!" "ಬೇಡ ಅಜ್ಜಿ, ಜೈಲು..." ನಾನು ಕಾಯಲಿಲ್ಲ. ಮಂಡಿ ನೋವಿನವಳು ಎಂದು ಯಾರಿಗೂ ಹೇಳಲಾಗದ ಹಾಗೆ ಬಗ್ಗಿ, ಪಲ್ಲವಿಯ ಕೈಯಲ್ಲಿದ್ದ ಗುಂಡಿಗಳ ಡಬ್ಬಿಗೇ ಕೈ ಹಾಕಿ, ಬಲಗಡೆ ಮೇಲಿನ ಗುಂಡಿ ಒತ್ತಿದೆ. ಕೆಂಪು ಬೆಳಕು ಹಾರಿ ಮಾದೇವಿಯ ಬೆನ್ನಿಗೆ ಬಡಿಯಿತು. ಅವಳು ಚೀರಿ, ತಿರುಗಿ, ಚಾಕು ಬಿಸಾಕಿ ಓಡಿದಳು ನೋಡಿ, ಅಂಥ ಓಟ ನಾನು ಕಂಡಿಲ್ಲ! ಅವಳು ಬಾಗಿಲು ಮುಚ್ಚಿದ ಮರುಗಳಿಗೆಯಲ್ಲಿ ಅವಳು ನಿಂತಿದ್ದ ಜಾಗವೆಲ್ಲ ಬೆಂಕಿ.

ಅದೇ ಹೊತ್ತಿಗೆ ನಮ್ಮ ಮನೆಯ ಬಾಗಿಲೂ ಧಡಾರನೆ ತೆರೆಯಿತು. ವಾಚ್‌ಮನ್ ಮುರುಗೇಸನ್. ಮೆಟ್ಟಿಲಿನ ಹತ್ತಿರ ನೇತುಹಾಕಿರುವ ಕೆಂಪು ಮರಳಿನ ಬಕೆಟ್ ಹೊತ್ತು, ಏದುಸಿರು ಬಿಡುತ್ತಾ, "ಅಮ್ಮಾ, ಎಂಗ ನೆರುಪ್ಪು?" ಎಂದ. ನಾನು ಬೆಂಕಿ ಎಲ್ಲಿದೆ ಎಂದು ತೋರಿಸಿದೆ. ಅವನು ಬಕೆಟ್ ಹಿಡಿದುಕೊಂಡೇ ನಿಂತು ನೋಡಿದ. ಬೈಯುತ್ತಾನೆ ಅಂದುಕೊಂಡೆ. "ಪಾಪಾ, ಲೆಫ್ಟ್‌ಲ ಪೋ! ರೆಕ್ಕೇಲ ಅಡಿ, ರೆಕ್ಕೇಲ!" ಎಂದ, ನಮ್ಮಿಂದ ಕಲಿತ ಅರ್ಧ ಕನ್ನಡ ಬೆರೆಸಿ. ಪಲ್ಲವಿಗೆ, ಎಡಕ್ಕೆ ಹೋಗಿ ರೆಕ್ಕೆಗೆ ಹೊಡಿ ಎಂದು. ಪಲ್ಲವಿ ಹೊಡೆದಳು. ಸೊಸೆ ಕಿವಿಗೆ ಸಿಕ್ಕಿಸಿಕೊಂಡದ್ದನ್ನು ಕಿತ್ತುಕೊಂಡು ಓಡಿಬಂದಳು, "ಏನತ್ತೆ ಇದು, ನನ್ ಮೀಟಿಂಗ್‌ನಲ್ಲಿ ಎಲ್ಲಾರೂ ಫೈರ್ ಸರ್ವೀಸ್‌ಗೆ ಫೋನ್ ಮಾಡ್ಲಾ ಅಂತ ಕೇಳ್ತಿದಾರೆ!" "ಸುಮ್ನಿರೇ, ಸಾಯೋ ಹೊತ್ತು!" ಎಂದೆ. ಅವಳು ಬೆಚ್ಚಿಬಿದ್ದಳು. ಡ್ರ್ಯಾಗನ್ ಸಾಯುವ ಹೊತ್ತು ಅಂತ ನಾನು ಹೇಳಿದ್ದು.

ಸತ್ತಿತು. ಸಂತೆಯ ಮಧ್ಯೆ ಮಗುಚಿ ಬಿತ್ತು. ನಾನೂ ಪಲ್ಲವಿಯೂ ಮುರುಗೇಸನ್ನೂ ಒಂದೇ ಸಲ ಕೂಗಿದೆವು. ನಾನು ಚಪ್ಪಾಳೆ ಹೊಡೆದದ್ದನ್ನು ಸೊಸೆ ಫೋಟೋ ತೆಗೆದಿದ್ದಾಳೆ, ಅಳಿಸು ಎಂದರೆ ಅಳಿಸುತ್ತಿಲ್ಲ.

ಊರಿನ ಕಾವಲುಗಾರ ಬಂದ. ಹಾರ ತರುತ್ತಿರಬೇಕು ಎಂದುಕೊಂಡೆ. ಅವನು ಕತ್ತಿ ಹಿರಿದು ಏನೋ ಗದರಿದ. "ಏನಂತೆ?" ಎಂದೆ.

"ತರಕಾರಿಯವಳ ಮೇಲೆ ಮಂತ್ರ ಹಾಕಿದ್ದಕ್ಕೆ ಅರೆಸ್ಟ್ ಅಂತೆ ಅಜ್ಜಿ. ದಂಡ ಕಟ್ಬೇಕು, ಇಲ್ಲಾ ಜೈಲು."

"ಅನ್ಯಾಯಂ ಮಾ ಇದು!" ಎಂದ ಮುರುಗೇಸನ್, ಬಕೆಟ್ ಕೆಳಗಿಟ್ಟು.

ನನಗೆ ಆಶ್ಚರ್ಯವಾಗಲಿಲ್ಲ. ನಮ್ಮ ಬೀದಿಯಲ್ಲಿ ಒಮ್ಮೆ ಗಲಾಟೆಯಾಗಿ ಕಲ್ಲು ಬೀಳುತ್ತಿದ್ದಾಗ, ಹೂ ಮಾರುವ ಹೆಂಗಸೊಬ್ಬಳು ಬುಟ್ಟಿ ಬಿಟ್ಟು ಬರುವುದಿಲ್ಲ ಎಂದು ರಸ್ತೆಯಲ್ಲೇ ನಿಂತಿದ್ದಳು. ನಮ್ಮ ಯಜಮಾನರು ಅವಳ ತೋಳು ಹಿಡಿದು ಒಳಗೆ ಎಳೆದುಕೊಂಡು ಶಟರ್ ಇಳಿಸಿದರು. ಗಲಾಟೆ ಸಂಜೆಗೆ ಮುಗಿಯಿತು. ತೋಳು ಹಿಡಿದದ್ದಕ್ಕೆ ಅವಳ ಬೈಗುಳ ದೀಪಾವಳಿಯವರೆಗೆ ನಡೆಯಿತು. ಮರ್ಯಾದೆಯಿಂದ ಯಾರನ್ನೂ ಉಳಿಸಲಾಗುವುದಿಲ್ಲ. "ದಂಡ ಬೇಡ," ಎಂದೆ. "ಕಟ್ಟಿದ್ರೆ ತಪ್ಪು ಮಾಡಿದೀವಿ ಅಂತ ನಾವೇ ಒಪ್ಕೊಂಡ ಹಾಗೆ. ಜೈಲಿಗೆ ನಡಿ." ನಮ್ಮ ಹುಡುಗಿ ಹಣೆಯ ಮೂರು ಗೆರೆಯ ಸಮೇತ ಜೈಲಿಗೆ ಹೋದಳು. ಮಲಗಿ ಎದ್ದರೆ ಶಿಕ್ಷೆ ಮುಗಿಯಿತು, ಹೊರಗೆ ಬೆಳಗಾಗಿತ್ತು. ನೇರವಾಗಿ ಸಂತೆಗೆ ಹೋದೆವು. ಡ್ರ್ಯಾಗನ್ನಿನ ಎಲುಬು ಹಾಗೇ ಬಿದ್ದಿದೆ, ಅದರ ಪಕ್ಕದಲ್ಲೇ ಬುಟ್ಟಿ ಇಟ್ಟುಕೊಂಡು ಮಾದೇವಿ ನಿಂತಿದ್ದಾಳೆ. ನನ್ನ ಎದೆ ತುಂಬಿಬಂತು ಎಂದೇನೂ ಇಲ್ಲ, ಆದರೆ ಕುರ್ಚಿಯಿಂದ ಎದ್ದದ್ದು ನಿಜ. ಅವಳು ನಮ್ಮನ್ನು ನೋಡಿ ಹೇಳಿದಳು: "ಈ ಸಲ ಎಲೆಕೋಸು ಚೆನ್ನಾಗಿ ಬಂದಿದೆ."

"ತೊಗೊಳ್ಳೇ," ಎಂದೆ. ಪಲ್ಲವಿ ಬಾಯಿ ಮುಚ್ಚಿಕೊಂಡು ತೊಗೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಅಜ್ಜಿ, ಒಂದು ಕೇಳ್ಲಾ? ಸೆಲ್ವಿ ಅಕ್ಕಂಗೂ ಬೋಣಿ ಇರುತ್ತಾ?" ಎಂದಳು. ಚೆನ್ನಾದ ಕನ್ನಡದಲ್ಲಿ, ಬೇಕೆಂದೇ. ನಾನು ಏ.ಸಿ. ಜಾಸ್ತಿಯಾಯಿತು ಎಂದು ಎದ್ದುಬಂದೆ.

ಮಾರನೇ ಬೆಳಿಗ್ಗೆ, ಸೆಲ್ವಿಯ ಗಾಡಿ ಬೇವಿನ ಮರದ ಕೆಳಗೆ ನಿಂತ ಸದ್ದಾದ ಕೂಡಲೇ, ನಾನು ಎಂದಿನ ಹಾಗೆ ಇಳಿದುಹೋದೆ. ಸೆರಗಿನ ಮರೆಯಲ್ಲಿ ಹಿಂದಿನ ದಿನದ ಹುಳುಕು ಬದನೆಕಾಯಿಗಳಿದ್ದವು. ಅವಳು ನನ್ನನ್ನು ನೋಡಿದ ಕೂಡಲೇ ಮುಖ ಸಿಂಡರಿಸಲು ಶುರುಮಾಡಿದಳು. ಮೊದಲು ಒಂದು ಎಲೆಕೋಸು ಕೊಂಡೆ. ನಮ್ಮ ಮನೆಯಲ್ಲಿ ಎಲೆಕೋಸು ಯಾರೂ ತಿನ್ನುವುದಿಲ್ಲ. ಚೌಕಾಸಿಯನ್ನೂ ಮಾಡಲಿಲ್ಲ. ಸೆಲ್ವಿ ನನ್ನನ್ನೇ ಅನುಮಾನದಿಂದ ನೋಡುತ್ತಾ ದುಡ್ಡು ಇಸಕೊಂಡು ಕಣ್ಣಿಗೊತ್ತಿಕೊಂಡಳು, ತಕ್ಕಡಿಗೆ ಮುಟ್ಟಿಸಿದಳು, ಸೊಂಟದ ಚೀಲಕ್ಕೆ ಹಾಕಿಕೊಂಡಳು. ಅಷ್ಟೂ ಮುಗಿಯುವವರೆಗೆ ತಾಳ್ಮೆಯಿಂದ ಕಾದೆ. ಆಮೇಲೆ ಸೆರಗು ಸರಿಸಿ, ಬದನೆಕಾಯಿಗಳನ್ನು ತೆಗೆದು ಅವಳ ಕೈಗಿಟ್ಟೆ.